ಮೆದುಳಿನ ಶಾಸ್ತ್ರವೂ ಸ್ತ್ರೀಪುರುಷ ವಿಚಾರವೂ

ಹೆಂಗಸರ ಬುದ್ಧಿ ಮೊಣಕಾಲ ಕೆಳಗೆ ಎಂಬ ಗಾದೆಯನ್ನು ಕೇಳದೆ ಬೆಳೆದವರು ನಮ್ಮ ವಾಚಕರಲ್ಲಿ ಒಬ್ಬರೂ ಇರಲಾರರು. ನಾವು ಹುಡುಗರಾಗಿ ಪಾಠಶಾಲೆಯಲ್ಲಿ ಕುಳಿತಿದ್ದ ಕಾಲದಲ್ಲಿ, ಲೆಕ್ಕ ತಪ್ಪಿದ ಹುಡುಗಿಗೆ ಉಪಾಧ್ಯಾಯರು ಈ ಗಾದೆಯನ್ನು ಹೇಳುತ್ತಿದ್ದರು. ಲೆಕ್ಕ ತಪ್ಪಿದ ಹುಡುಗನಿಗೆ ಬೆತ್ತ ತೋರಿಸುತ್ತಿದ್ದರು. ಬೆತ್ತದ ಬಾಸುಂಡೆ ಎರಡು ದಿನಗಳಲ್ಲಿ ಮಾಯುತ್ತಿತ್ತು. ಗಾದೆಯ ಬಾಸುಂಡೆ ಮಾಯುತ್ತಿತ್ತೇ ಎಂಬುದನ್ನು ಆಗ ನಾವಾಗಲಿ ನಮ್ಮ ಗುರುಗಳಾಗಲಿ ಯೋಚಿಸಿದ್ದಿಲ್ಲ.

ಆ ಗಾದೆ ಇಂದಿಗೂ ಸತ್ತಿಲ್ಲ, ವೇಷ ಬದಲಿಸಿದೆ. ಈಗ ಅದು ಯಂತ್ರದ ಚಿತ್ರಗಳನ್ನೂ ಅಂಕಿಗಳನ್ನೂ ಕೈಯಲ್ಲಿ ಹಿಡಿದು ವಿಜ್ಞಾನದ ಹೆಸರು ಹೇಳಿಕೊಂಡು ಬರುತ್ತದೆ. ಈ ವೇಷಕ್ಕೆ ನಾವೂ ಮೋಸಹೋದವರೇ ಎಂಬುದನ್ನು ಮೊದಲು ಒಪ್ಪಿಕೊಳ್ಳುವುದು ನ್ಯಾಯ. ೨೦೧೩ನೆಯ ಇಸವಿ ಡಿಸೆಂಬರಿನಲ್ಲಿ ಅಮೆರಿಕೆಯ ಪೆನ್ಸಿಲ್ವೇನಿಯಾ ವಿಶ್ವವಿದ್ಯಾನಿಲಯದ ಸಂಶೋಧಕರು, ಎಂಟರಿಂದ ಇಪ್ಪತ್ತೆರಡು ವರ್ಷ ವಯಸ್ಸಿನ ೯೪೯ ಮಂದಿಯ ಮೆದುಳಿನ ಒಳಹುರಿಗಳ ಚಿತ್ರ ತೆಗೆದು, ಗಂಡಸರಲ್ಲಿ ಈ ಸಂಪರ್ಕಗಳು ಹಿಂದುಮುಂದಾಗಿಯೂ ಹೆಂಗಸರಲ್ಲಿ ಎಡಬಲ ಭಾಗಗಳ ನಡುವೆಯೂ ಹೆಚ್ಚಾಗಿರುವುವೆಂದು ಪ್ರಕಟಿಸಿದರು. ಗಂಡಸರು ನಕ್ಷೆ ಓದುವುದರಲ್ಲಿ ಜಾಣರು, ಹೆಂಗಸರು ಏಕಕಾಲಕ್ಕೆ ನಾಲ್ಕು ಕೆಲಸ ನಿರ್ವಹಿಸುವುದರಲ್ಲಿ ಜಾಣರು ಎಂಬುದು ಇದರಿಂದ ಸಿದ್ಧವಾಯಿತೆಂದು ದೇಶವಿದೇಶದ ಪತ್ರಿಕೆಗಳು ಬರೆದವು. ನಾವೂ ಆ ಸುದ್ದಿಯನ್ನು ಕತ್ತರಿಸಿ, ಕನ್ನಡಿಸಿ, ದಪ್ಪಕ್ಷರದ ತಲೆಬರಹ ಕೊಟ್ಟು ಅಚ್ಚುಹಾಕಿದೆವು.

ಕೆಲವು ತಿಂಗಳ ತರುವಾಯ ಊರಿನ ಗೃಹಸ್ಥರೊಬ್ಬರು ನಮ್ಮ ಕಚೇರಿಗೆ ಬಂದಿದ್ದರು. ಅವರ ಮಗಳು ಹತ್ತನೆಯ ತರಗತಿಯಲ್ಲಿ ಗಣಿತದಲ್ಲಿ ಶಾಲೆಗೇ ಮೊದಲಿಗಳಾಗಿ ತೇರ್ಗಡೆಯಾಗಿದ್ದಳು. ಹುಡುಗಿಯನ್ನು ಗಣಿತ ವಿಜ್ಞಾನಗಳಿಗೇ ಸೇರಿಸುವಿರಷ್ಟೆ ಎಂದು ನಾವು ಕೇಳಿದೆವು. ಅವರು ನಕ್ಕು, "ನಿಮ್ಮ ಪತ್ರಿಕೆಯಲ್ಲೇ ಬಂದಿತ್ತಲ್ಲ ಸ್ವಾಮಿ, ಹೆಣ್ಣುಮಕ್ಕಳ ಮೆದುಳಿನ ತಂತಿಗಳೇ ಬೇರೆ ಎಂದು. ಹತ್ತನೆಯ ತರಗತಿಯವರೆಗೆ ನಡೆದೀತು, ಮುಂದೆ ನಡೆಯುವುದಿಲ್ಲ" ಎಂದರು. ಅವರಲ್ಲಿ ದುರುದ್ದೇಶವಿರಲಿಲ್ಲ. ಅಚ್ಚಾದ ಮಾತನ್ನು ನಂಬಿದ್ದರು, ಅಷ್ಟೆ. ನಮ್ಮ ಬಾಯಿಯಿಂದ ಉತ್ತರ ಹೊರಡಲಿಲ್ಲ. ಏಕೆಂದರೆ ಅಚ್ಚುಹಾಕಿದ್ದನ್ನು ನಾವೇ ಸರಿಯಾಗಿ ಓದಿರಲಿಲ್ಲ.

ಆಮೇಲೆ ಓದಿದೆವು. ಮೆಟ್ರಿಕ್ಯುಲೇಷನ್ನಿಗೆ ಓದು ಮುಗಿಸಿದ ನಮಗೆ ಅದು ಸುಲಭವಾಗಿರಲಿಲ್ಲ. ಬಲ್ಲವರನ್ನು ಕೇಳಿ ಕೇಳಿ ತಿಳಿದುಕೊಂಡೆವು. ಆ ಪ್ರಬಂಧದಲ್ಲಿ ನಕ್ಷೆ ಓದುವ ಪರೀಕ್ಷೆಯೇ ಇರಲಿಲ್ಲ. ಹೇಳಿದ್ದ ಭೇದಗಳೆಲ್ಲ ಗುಂಪಿನ ಸರಾಸರಿಯವೇ ಹೊರತು ಒಬ್ಬೊಬ್ಬರವಲ್ಲ. ಗಂಡಸರ ತಲೆ ಸರಾಸರಿಯಲ್ಲಿ ದೊಡ್ಡದಾದ ಕಾರಣ, ಗಾತ್ರದಿಂದ ಹುಟ್ಟಿದ ವ್ಯತ್ಯಾಸವೆಷ್ಟು, ಸ್ತ್ರೀಪುರುಷ ಜಾತಿಯಿಂದ ಹುಟ್ಟಿದ್ದೆಷ್ಟು ಎಂಬುದನ್ನು ಬೇರ್ಪಡಿಸಿಲ್ಲವೆಂದು ಇತರ ವಿಜ್ಞಾನಿಗಳು ಆಕ್ಷೇಪಿಸಿದ್ದರು. ಇಷ್ಟನ್ನು ಆ ತಂದೆಗೆ ಹೇಳಲು ನಾವು ಸಿದ್ಧರಾಗುವ ವೇಳೆಗೆ ಹುಡುಗಿ ಬೇರೆ ದಾರಿ ಹಿಡಿದಾಗಿತ್ತು.

ಈ ತಪ್ಪು ಒಬ್ಬ ಸಂಪಾದಕನ ಅಥವಾ ಒಬ್ಬ ತಂದೆಯ ತಪ್ಪು ಮಾತ್ರವಾಗಿದ್ದರೆ ಈ ಲೇಖನಕ್ಕೆ ಕಾರಣವಿರುತ್ತಿರಲಿಲ್ಲ. ಮೆದುಳನ್ನು ಬಲ್ಲವರು ಸಮಾಜವನ್ನು ಓದಿಲ್ಲ, ಸಮಾಜವನ್ನು ಓದಿದವರು ಮೆದುಳನ್ನು ಕಂಡಿಲ್ಲ ಎಂಬುದೇ ಮೂಲ ದೋಷ. ಆದ್ದರಿಂದ ನಮ್ಮ ಪ್ರಥಮ ದರ್ಜೆ ಕಾಲೇಜುಗಳಲ್ಲಿ, ಪಾವಗಡದ್ದನ್ನೂ ಸೇರಿಸಿ, ಈ ಎರಡನ್ನೂ ಒಂದೇ ಕೊಠಡಿಯಲ್ಲಿ ಒಂದೇ ಪಾಠಕ್ರಮವಾಗಿ ಬೋಧಿಸಬೇಕೆಂದು ನಾವು ಸೂಚಿಸುತ್ತೇವೆ.

ತಕ್ಕಡಿಯ ಶಾಸ್ತ್ರ

ಮೆದುಳನ್ನು ತೂಗಿ ಬುದ್ಧಿಯನ್ನು ಅಳೆಯುವ ಪ್ರಯತ್ನಕ್ಕೆ ಒಂದೂವರೆ ಶತಮಾನ ಮೀರಿದ ಇತಿಹಾಸವುಂಟು. ಫ್ರಾನ್ಸಿನ ಪಾಲ್ ಬ್ರೋಕಾ ಎಂಬ ಪ್ರಸಿದ್ಧ ವೈದ್ಯನು ಪ್ಯಾರಿಸಿನ ಆಸ್ಪತ್ರೆಗಳಲ್ಲಿ ತೀರಿಕೊಂಡವರ ಮೆದುಳುಗಳನ್ನು ತೂಗಿದನು. ೨೯೨ ಗಂಡಸರ ಸರಾಸರಿ ೧,೩೨೫ ಗ್ರಾಂ; ೧೪೦ ಹೆಂಗಸರ ಸರಾಸರಿ ೧,೧೪೪ ಗ್ರಾಂ. ಅಂತರ ೧೮೧ ಗ್ರಾಂ. ತೂಕದಲ್ಲಿ ತಪ್ಪಿರಲಿಲ್ಲ, ತೀರ್ಪಿನಲ್ಲಿ ತಪ್ಪಿತ್ತು. ಹೆಂಗಸರ ದೇಹವೇ ಸಣ್ಣದಾದ್ದರಿಂದ ಮೆದುಳೂ ಸಣ್ಣದೆಂಬುದನ್ನು ಅವನು ಬಲ್ಲನು. ಆದರೂ ಹೆಂಗಸರು ಬುದ್ಧಿಯಲ್ಲಿ ಕಡಮೆಯೆಂದು ಮೊದಲೇ ಒಪ್ಪಿಕೊಂಡು, ಅಂತರದ ಒಂದು ಪಾಲು ಬುದ್ಧಿಯ ಕೊರತೆಯಿಂದಲೇ ಬಂದಿರಬೇಕೆಂದು ನಿರ್ಣಯಿಸಿದನು. ಸಾಧಿಸಬೇಕಾದುದನ್ನೇ ಸಾಕ್ಷ್ಯವಾಗಿ ಹಿಡಿಯುವ ಇಂಥ ವಾದವನ್ನು ನಮ್ಮ ತರ್ಕಶಾಸ್ತ್ರದ ಪಂಡಿತರು ಹಿಂದಿನಿಂದಲೂ ದೋಷವೆಂದೇ ಎಣಿಸಿದ್ದಾರೆ.

೧೮೮೭ರಲ್ಲಿ ಇಂಗ್ಲೆಂಡಿನ ಜಾರ್ಜ್ ರೊಮಾನೆಸ್ ಎಂಬ ವಿದ್ವಾಂಸನು ಸ್ತ್ರೀಯರ ಮೆದುಳಿನಲ್ಲಿ ಐದು ಔನ್ಸು ಕಡಮೆಯೆಂದು ಹೇಳಿ ಅದರ ಮೇಲೆ ದೊಡ್ಡ ಸಿದ್ಧಾಂತವನ್ನೇ ಕಟ್ಟಿದನು. ತಕ್ಕಡಿಯ ಮಾತನ್ನು ನಂಬುವುದಾದರೆ ರಷ್ಯದ ಕಾದಂಬರಿಕಾರ ತುರ್ಗೆನೆವನ ಮೆದುಳು ೨,೦೧೨ ಗ್ರಾಂ, ಫ್ರಾನ್ಸಿನ ಆನತೋಲ್ ಫ್ರಾನ್ಸನದು ೧,೦೧೭ ಗ್ರಾಂ. ಬ್ರೋಕಾ ಕಂಡ ಹೆಂಗಸರ ಸರಾಸರಿಗಿಂತಲೂ ಹಗುರವಾದ ಮೆದುಳನ್ನು ಹೊತ್ತು ಆನತೋಲ್ ಫ್ರಾನ್ಸನು ೧೯೨೧ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದನು. ತಕ್ಕಡಿಗೆ ಇದಕ್ಕಿಂತ ಹೆಚ್ಚಿನ ಉತ್ತರ ಬೇಕಾಗಿಲ್ಲ.

ಇಷ್ಟೇ ಆಗಿದ್ದರೆ ನಕ್ಕು ಸುಮ್ಮನಿರಬಹುದಾಗಿತ್ತು. ಆದರೆ ಈ ಶಾಸ್ತ್ರವು ಶಾಲೆಯ ಬಾಗಿಲಿಗೆ ಅಗುಳಿಯಾಯಿತು. ೧೮೭೩ರಲ್ಲಿ ಅಮೆರಿಕೆಯ ಎಡ್ವರ್ಡ್ ಕ್ಲಾರ್ಕ್ ಎಂಬ ವೈದ್ಯನು, ಹುಡುಗಿಯರು ಹುಡುಗರಂತೆ ಓದಿದರೆ ದೇಹದ ಶಕ್ತಿಯೆಲ್ಲ ಮೆದುಳಿಗೆ ಹರಿದು ಗರ್ಭಕೋಶ ಬಡವಾಗುವುದೆಂದು ಪುಸ್ತಕ ಬರೆದನು. ಇದಕ್ಕೆ ಮೇರಿ ಪಟ್ನಮ್ ಜಾಕೋಬಿ ಎಂಬ ವೈದ್ಯೆ ಕೋಪದ ಮಾತಿನಿಂದಲ್ಲ, ಅಂಕಿಗಳಿಂದಲೇ ಉತ್ತರ ಕೊಟ್ಟಳು. ನೂರಾರು ಸ್ತ್ರೀಯರನ್ನು ವಿಚಾರಿಸಿ, ಮುಟ್ಟಿನ ದಿನಗಳಲ್ಲಿ ಓದಿಗಾಗಲಿ ಕೆಲಸಕ್ಕಾಗಲಿ ಬಿಡುವು ಅನಿವಾರ್ಯವಲ್ಲವೆಂದು ತೋರಿಸಿದಳು. ಆಕೆ ಬರೆದ ಆ ಪ್ರಬಂಧಕ್ಕೆ ೧೮೭೬ರಲ್ಲಿ ಹಾರ್ವರ್ಡಿನ ಬಾಯ್ಲ್‌ಸ್ಟನ್ ಬಹುಮಾನವೇ ದೊರೆಯಿತು. ವಿಜ್ಞಾನದ ತಪ್ಪನ್ನು ತಿದ್ದತಕ್ಕದ್ದು ವಿಜ್ಞಾನವೇ ಎಂಬ ಪಾಠ ಇದರಲ್ಲಿದೆ. ಆದರೆ ಪ್ರಶ್ನೆ ಕೇಳುವವರ ಗುಂಪಿನಲ್ಲಿ ಸ್ತ್ರೀಯೊಬ್ಬಳು ಇರಬೇಕಾಯಿತೆಂಬುದನ್ನೂ ಮರೆಯಕೂಡದು.

ನಮ್ಮ ನಾಡಿನ ಬಾಗಿಲು

ಇದೆಲ್ಲ ಹೊರನಾಡಿನ ಕಥೆಯೆಂದು ವಾಚಕರು ಸಮಾಧಾನ ಪಡುವಂತಿಲ್ಲ. ಮುಂಬಯಿ ವಿಶ್ವವಿದ್ಯಾನಿಲಯದ ಪದವಿಯಲ್ಲಿ ಉನ್ನತ ಸ್ಥಾನ ಪಡೆದ ಕಮಲಾ ಭಾಗವತ್ ಎಂಬ ತರುಣಿ ೧೯೩೩ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅರ್ಜಿ ಹಾಕಿದಾಗ, ಆಗಿನ ನಿರ್ದೇಶಕರಾಗಿದ್ದ ಸರ್ ಸಿ. ವಿ. ರಾಮನ್ ಅವರು ಹೆಣ್ಣೆಂಬ ಕಾರಣದಿಂದಲೇ ನಿರಾಕರಿಸಿದರು. ಆಕೆ ಗಾಂಧೀಜಿಯವರ ಮಾರ್ಗ ಹಿಡಿದು ಪಟ್ಟು ಬಿಡದೆ ನಿಂತ ಮೇಲೆ, ಒಂದು ವರ್ಷದ ಪರೀಕ್ಷಾವಧಿಯ ಷರತ್ತಿನ ಮೇಲೆ ಪ್ರವೇಶ ದೊರೆಯಿತು. ಅದೇ ಕಮಲಾ ಸೊಹೋನಿಯವರು ೧೯೩೯ರಲ್ಲಿ ಕೇಂಬ್ರಿಜ್ಜಿನಿಂದ ಡಾಕ್ಟರೇಟ್ ಪದವಿ ಪಡೆದರು. ವಿಜ್ಞಾನ ವಿಷಯದಲ್ಲಿ ಆ ಪದವಿ ಪಡೆದ ಮೊದಲ ಭಾರತೀಯ ಮಹಿಳೆಯೆಂದು ಅವರ ಹೆಸರು ನಿಂತಿದೆ. ಕೆಲವು ವರ್ಷಗಳ ನಂತರ ಅದೇ ಸಂಸ್ಥೆಯನ್ನು ಸೇರಿದ ರಾಜೇಶ್ವರಿ ಚಟರ್ಜಿಯವರು ಕರ್ನಾಟಕದ ಮೊದಲ ಮಹಿಳಾ ಇಂಜಿನಿಯರ್ ಎಂದು ಖ್ಯಾತರಾದರು.

ರಾಮನ್ ಅವರ ಮಹತ್ವವನ್ನು ಕುಂದಿಸುವುದು ನಮ್ಮ ಉದ್ದೇಶವಲ್ಲ. ಬೆಳಕಿನ ರಹಸ್ಯವನ್ನು ಕಂಡ ಕಣ್ಣಿಗೂ ಎದುರಿಗೆ ನಿಂತ ವಿದ್ಯಾರ್ಥಿನಿಯ ಯೋಗ್ಯತೆ ಮೊದಲ ನೋಟಕ್ಕೆ ಕಾಣಲಿಲ್ಲವೆಂಬುದೇ ಇಲ್ಲಿಯ ಪಾಠ. ಅಷ್ಟು ದೊಡ್ಡವರಿಗೆ ಆದದ್ದು ನಮ್ಮ ಪ್ರೌಢಶಾಲೆಗಳ ಮೇಷ್ಟರುಗಳಿಗೂ, ಪತ್ರಿಕಾ ಸಂಪಾದಕರಿಗೂ ಆಗುವುದರಲ್ಲಿ ಆಶ್ಚರ್ಯವೇನು?

ಇಂದಿನ ಅರಿವು

ಹಾಗಾದರೆ ಸ್ತ್ರೀಪುರುಷರ ಮೆದುಳಿನಲ್ಲಿ ಭೇದವೇ ಇಲ್ಲವೇ ಎಂದು ವಾಚಕರು ಕೇಳಬಹುದು. ಉಂಟು. ಸರಾಸರಿಯಲ್ಲಿ ಗಂಡಸರ ಮೆದುಳು ನೂರಕ್ಕೆ ಹನ್ನೊಂದರಷ್ಟು ದೊಡ್ಡದು. ಆದರೆ ಗಾತ್ರದ ಲೆಕ್ಕವನ್ನು ಕಳೆದ ಮೇಲೆ, ಉಳಿದ ವ್ಯತ್ಯಾಸಗಳಲ್ಲಿ ಸ್ತ್ರೀಪುರುಷ ಜಾತಿಯ ಪಾಲು ನೂರಕ್ಕೆ ಒಂದರಷ್ಟೆಂದು ಮೂರು ದಶಕಗಳ ಸಂಶೋಧನೆಗಳನ್ನು ಪರಿಶೀಲಿಸಿದ ಲೀಸ್ ಎಲಿಯಟ್ ಮತ್ತು ಸಂಗಡಿಗರು ೨೦೨೧ರಲ್ಲಿ ವರದಿ ಮಾಡಿದರು. ಸರಾಸರಿಯೆಂಬ ಮಾತಿನ ಅರ್ಥವನ್ನು ನಮ್ಮೂರಿನಲ್ಲಿಯೇ ನೋಡಬಹುದು. ಶನಿವಾರ ಶನೈಶ್ಚರಸ್ವಾಮಿಯ ಗುಡಿಯ ಮುಂದೆ ನಿಂತ ಸಾಲಿನಲ್ಲಿ ಗಂಡಸರ ಎತ್ತರ ಸರಾಸರಿಯಲ್ಲಿ ಹೆಚ್ಚೆಂಬುದು ನಿಜ. ಆದರೂ ಎಷ್ಟೋ ಗಂಡಸರಿಗಿಂತ ಎತ್ತರವಾದ ಹೆಂಗಸರು ಆ ಸಾಲಿನಲ್ಲಿಯೇ ಇರುತ್ತಾರೆ. ಮೆದುಳಿನ ಬಹುಪಾಲು ಭೇದಗಳು ಈ ಎತ್ತರದ ಭೇದಕ್ಕಿಂತಲೂ ಚಿಕ್ಕವು.

ಈ ಶಾಸ್ತ್ರದಲ್ಲಿ ಅವಸರದ ತೀರ್ಪುಗಳು ಎಷ್ಟು ಬಾರಿ ಬಿದ್ದುಹೋಗಿವೆಯೆಂಬುದಕ್ಕೆ ಒಂದು ದೃಷ್ಟಾಂತ. ಮೆದುಳಿನ ಎರಡು ಅರ್ಧಭಾಗಗಳನ್ನು ಬೆಸೆಯುವ ಹುರಿಕಟ್ಟು ಹೆಂಗಸರಲ್ಲಿ ಬೇರೆ ಆಕಾರದ್ದೆಂದು ೧೯೮೨ರಲ್ಲಿ ಒಂದು ಪ್ರಬಂಧ ಪ್ರಕಟವಾಯಿತು. ನೋಡಿದ್ದು ಹದಿನಾಲ್ಕೇ ಮೆದುಳುಗಳನ್ನು. ಅದರ ಮೇಲೆ ಹೆಂಗಸರ ಅಂತಃಪ್ರೇರಣೆ, ಮಾತುಗಾರಿಕೆ, ಭಾವುಕತೆ ಎಲ್ಲವನ್ನೂ ಕಟ್ಟಿಬಿಟ್ಟರು. ೧೯೯೭ರಲ್ಲಿ ಬಿಷಪ್ ಮತ್ತು ವಾಲ್‌ಸ್ಟೆನ್ ಎಂಬುವರು ೪೯ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ ಆ ಭೇದ ನಿಲ್ಲಲಿಲ್ಲ. ಮೊದಲಿನ ಸುದ್ದಿ ಲೋಕಕ್ಕೆಲ್ಲ ಮುಟ್ಟಿತು. ಎರಡನೆಯದು ಮುಟ್ಟಿದವರು ಕೆಲವರೇ.

೨೦೧೫ರಲ್ಲಿ ಇಸ್ರೇಲಿನ ಡಾಫ್ನಾ ಜೋಯೆಲ್ ಮತ್ತು ಸಂಗಡಿಗರು ೧,೪೦೦ಕ್ಕೂ ಹೆಚ್ಚು ಮೆದುಳುಗಳ ಚಿತ್ರಗಳನ್ನು ಪರೀಕ್ಷಿಸಿ, ಆದಿಯಿಂದ ಅಂತ್ಯದವರೆಗೆ ಗಂಡು ಲಕ್ಷಣವೇ ಇರುವ ಅಥವಾ ಹೆಣ್ಣು ಲಕ್ಷಣವೇ ಇರುವ ಮೆದುಳು ಬಹು ಅಪರೂಪವೆಂದು ತೋರಿಸಿದರು. ನಮ್ಮ ಹಳ್ಳಿಯ ಅಜ್ಜಿಯರು ಹೊಲಿಯುವ ಕೌದಿಯಂತೆ ಪ್ರತಿಯೊಬ್ಬರ ಮೆದುಳಿನಲ್ಲಿಯೂ ಎರಡು ಬಗೆಯ ತುಂಡುಗಳೂ ಇವೆ. ಇದನ್ನೂ ಎಲ್ಲರೂ ಒಪ್ಪಲಿಲ್ಲ. ಎಲ್ಲ ಲಕ್ಷಣಗಳನ್ನೂ ಒಟ್ಟಿಗೆ ಗಣಕಯಂತ್ರಕ್ಕೆ ಕೊಟ್ಟರೆ, ಮೆದುಳು ಹೆಣ್ಣಿನದೋ ಗಂಡಿನದೋ ಎಂಬುದನ್ನು ನೂರಕ್ಕೆ ತೊಂಬತ್ತಕ್ಕೂ ಮಿಕ್ಕು ಸಲ ಸರಿಯಾಗಿ ಹೇಳಬಹುದೆಂದು ಮರುವರ್ಷವೇ ಬೇರೆಯವರು ಉತ್ತರ ಕೊಟ್ಟರು. ಎರಡೂ ಮಾತು ನಿಜವಾಗಿರಲು ಅಡ್ಡಿಯಿಲ್ಲ. ಕೈಬರಹವನ್ನು ನೋಡಿ ಬರೆದವನಾರೆಂದು ಗುರುತಿಸಬಹುದು. ಅವನು ಬರೆದ ವಿಷಯದ ಬೆಲೆ ಅದರಿಂದ ಗೊತ್ತಾಗುವುದಿಲ್ಲ. ವಿದ್ಯಾರ್ಥಿಗಳು ಇಂಥ ವಾದ ಪ್ರತಿವಾದಗಳೆರಡನ್ನೂ ಓದಿ ತೂಗಬೇಕೆಂಬುದೇ ನಮ್ಮ ಆಶಯ.

ಅನುಭವದ ಗುರುತು

ಮೆದುಳು ಹುಟ್ಟಿದಂತೆಯೇ ಉಳಿಯುವ ಕಲ್ಲಲ್ಲ ಎಂಬುದು ಈಚಿನ ಕಾಲದ ಮುಖ್ಯ ಅರಿವು. ಲಂಡನ್ನಿನ ಬೀದಿಗಳನ್ನೆಲ್ಲ ಬಾಯಿಪಾಠ ಮಾಡಿದ ಟ್ಯಾಕ್ಸಿ ಚಾಲಕರಲ್ಲಿ, ದಾರಿಯ ನೆನಪಿಗೆ ಸಂಬಂಧಪಟ್ಟ ಮೆದುಳಿನ ಭಾಗದ ಹಿಂಬದಿ ಇತರರಲ್ಲಿರುವುದಕ್ಕಿಂತ ದೊಡ್ಡದಾಗಿರುವುದನ್ನು ೨೦೦೦ದಲ್ಲಿ ಕಂಡರು. ನೋಡಿದ ಹದಿನಾರು ಚಾಲಕರೂ ಗಂಡಸರೇ. ಹೆಂಗಸರು ಆ ಕೆಲಸಕ್ಕೆ ಬರುವುದು ವಿರಳವಾದರೆ, ದಾರಿ ಬಲ್ಲ ಮೆದುಳು ಗಂಡಸಿನದೆಂದು ಮುಂದೆ ಯಾರಾದರೂ ಬರೆದಾರು. ಕೆಲಸವನ್ನು ಹಂಚಿದ್ದು ಸಮಾಜ. ಗುರುತು ಬಿದ್ದದ್ದು ಮೆದುಳಿನಲ್ಲಿ. ಎರಡೂ ಶಾಸ್ತ್ರಗಳನ್ನು ಒಟ್ಟಿಗೆ ಓದದೆ ಈ ಗಂಟು ಬಿಚ್ಚುವುದಿಲ್ಲ.

ನಮ್ಮ ದೇಶದ್ದೇ ಇನ್ನೊಂದು ಉದಾಹರಣೆ. ಉತ್ತರ ಪ್ರದೇಶದ ಹಳ್ಳಿಗಳಲ್ಲಿ ಅಕ್ಷರ ತಿಳಿಯದ, ಮೂವತ್ತರ ಆಸುಪಾಸಿನ ಸ್ತ್ರೀಯರಿಗೆ ಆರು ತಿಂಗಳು ಹಿಂದಿ ಓದುಬರಹ ಕಲಿಸಿ, ಮೊದಲೂ ತರುವಾಯವೂ ಮೆದುಳಿನ ಚಿತ್ರ ತೆಗೆದರು. ಮೆದುಳಿನ ಆಳದಲ್ಲಿರುವ, ನೋಟಕ್ಕೆ ಸಂಬಂಧಿಸಿದ ಭಾಗಗಳ ಹೊಂದಾಣಿಕೆಯೇ ಬದಲಾದುದನ್ನು ೨೦೧೭ರಲ್ಲಿ ಪ್ರಕಟಿಸಿದರು. ರಾತ್ರಿಶಾಲೆಯಲ್ಲಿ ಕುಳಿತ ತಾಯಿಯ ತಲೆಯೊಳಗೂ ಅಕ್ಷರವು ಹೊಸ ದಾರಿ ಕಡಿಯುತ್ತದೆಂದಾಯಿತು.

ಪಾವಗಡದವರಿಗೆ ಇನ್ನೂ ಹತ್ತಿರವಾದ ಸಂಗತಿಯೊಂದುಂಟು. ಆಂಧ್ರದ ನೆಲ ಸುತ್ತುವರಿದ ಈ ತಾಲ್ಲೂಕಿನಲ್ಲಿ ಸಂತೆಯಲ್ಲಿ ಒಂದು ಭಾಷೆ, ಮನೆಯಲ್ಲಿ ಒಂದು ಭಾಷೆಯೆಂಬುದು ಸಾಮಾನ್ಯ. ಅನೇಕರು ಇದನ್ನು ಊನವೆಂದೇ ಎಣಿಸುತ್ತಾರೆ. ಈಗ ಬೆಂಗಳೂರಿನ ನಿಮ್ಹಾನ್ಸಿನಲ್ಲಿರುವ ಡಾಕ್ಟರ್ ಸುವರ್ಣಾ ಅಲ್ಲಾಡಿಯವರು ಹೈದರಾಬಾದಿನಲ್ಲಿದ್ದಾಗ ಮರೆವಿನ ರೋಗದ ೬೪೮ ಮಂದಿಯನ್ನು ಪರೀಕ್ಷಿಸಿ, ಎರಡು ಭಾಷೆ ಆಡುವವರಿಗೆ ಒಂದೇ ಭಾಷೆಯವರಿಗಿಂತ ನಾಲ್ಕೂವರೆ ವರ್ಷ ತಡವಾಗಿ ರೋಗ ಕಾಣಿಸಿಕೊಂಡಿತೆಂದು ೨೦೧೩ರಲ್ಲಿ ಪ್ರಕಟಿಸಿದರು. ಅಕ್ಷರ ಬಾರದವರಲ್ಲಿಯೂ ಈ ವ್ಯತ್ಯಾಸ ಕಂಡಿತು. ಸಂತೆಗೆ ಕಡಲೆಕಾಯಿ ಮಾರಲು ಹೋಗಿ ಎರಡು ಭಾಷೆಯಲ್ಲಿ ಚೌಕಾಸಿ ಮಾಡುವ ಮುದುಕಿಗೂ, ಮನೆಯ ಹೊಸಿಲು ದಾಟದೆ ಒಂದೇ ಭಾಷೆಯಲ್ಲಿ ಬಾಳು ಕಳೆದವಳಿಗೂ ಈ ವಿಷಯದಲ್ಲಿ ಅಂತರವುಂಟೇ ಎಂದು ನಮ್ಮ ಕಾಲೇಜಿನ ವಿದ್ಯಾರ್ಥಿನಿ ಕೇಳಬಾರದೇಕೆ?

ಭೇದವನ್ನು ಮರೆತರೂ ಅಪಾಯ

ಭೇದವನ್ನು ದೊಡ್ಡದು ಮಾಡಿದರೆ ಒಂದು ಅನ್ಯಾಯ. ಇಲ್ಲವೆಂದು ಬಿಟ್ಟರೆ ಇನ್ನೊಂದು. ಬಹುಕಾಲ ಪ್ರಯೋಗಶಾಲೆಗಳಲ್ಲಿ ಗಂಡು ಇಲಿಗಳ ಮೇಲೆಯೇ ಪರೀಕ್ಷೆ ನಡೆಯುತ್ತಿತ್ತು. ೨೦೦೯ರ ಮೆದುಳುಶಾಸ್ತ್ರದ ಪ್ರಬಂಧಗಳಲ್ಲಿ, ಹೆಣ್ಣು ಪ್ರಾಣಿಗಳನ್ನು ಮಾತ್ರ ನೋಡಿದ ಒಂದು ಪ್ರಬಂಧಕ್ಕೆ ಗಂಡು ಪ್ರಾಣಿಗಳನ್ನು ಮಾತ್ರ ನೋಡಿದವು ಐದೂವರೆ ಇದ್ದುವೆಂದು ಲೆಕ್ಕ ಹಾಕಿದ್ದಾರೆ. ಜೋಲ್ಪಿಡೆಂ ಎಂಬ ನಿದ್ರೆಯ ಔಷಧಿಯನ್ನು ೧೯೯೨ರಿಂದ ಅಮೆರಿಕೆಯಲ್ಲಿ ಗಂಡಸರಿಗೂ ಹೆಂಗಸರಿಗೂ ಒಂದೇ ಪ್ರಮಾಣದಲ್ಲಿ ಕೊಡುತ್ತಿದ್ದರು. ಹೆಂಗಸರ ರಕ್ತದಲ್ಲಿ ಅದು ಮರುದಿನ ಬೆಳಿಗ್ಗೆಯವರೆಗೂ ಉಳಿಯುವುದೆಂದು ತಿಳಿದು, ಅವರಿಗೆ ಹತ್ತು ಮಿಲಿಗ್ರಾಮನ್ನು ಐದಕ್ಕೆ ಇಳಿಸಿದ್ದು ೨೦೧೩ರಲ್ಲಿ. ಇಪ್ಪತ್ತು ವರ್ಷ ಯಾರೂ ಕೇಳದ ಪ್ರಶ್ನೆಯಿದು.

ನಮ್ಮ ಸೀಮೆಗೆ ಬರೋಣ. ಹೆರಿಗೆಯಾದ ಕೆಲವು ದಿನಗಳಲ್ಲಿ ತಾಯಿ ನಿದ್ರೆ ಬಿಟ್ಟು, ಅಸಂಬದ್ಧ ಮಾತಾಡಿ, ಮಗುವನ್ನು ಗುರುತಿಸದಂತಾದರೆ ಬಾಣಂತಿ ಸನ್ನಿಯೆಂದು ಹಳ್ಳಿಯವರು ಹೇಳುತ್ತಾರೆ. ಹೊಗೆ ಹಾಕುತ್ತಾರೆ, ಗಾಳಿ ಬಿಡಿಸುತ್ತಾರೆ, ಕೆಲವೆಡೆ ಕಟ್ಟಿಹಾಕುತ್ತಾರೆ. ಸಾವಿರ ಹೆರಿಗೆಗೆ ಒಂದೆರಡರಲ್ಲಿ ಕಾಣುವ, ಚಿಕಿತ್ಸೆಯಿಂದ ಗುಣವಾಗತಕ್ಕ ರೋಗವಿದು. ಕೂಡಲೇ ನೋಡದಿದ್ದರೆ ತಾಯಿಗೂ ಮಗುವಿಗೂ ಪ್ರಾಣಾಪಾಯ. ನಿಮ್ಹಾನ್ಸಿನಲ್ಲಿ ೨೦೦೯ರಿಂದ ತಾಯಿಯನ್ನೂ ಮಗುವನ್ನೂ ಅಗಲಿಸದೆ ಒಟ್ಟಿಗೆ ಇರಿಸಿಕೊಂಡು ಚಿಕಿತ್ಸೆ ಮಾಡುವ ವಾರ್ಡು ನಡೆಯುತ್ತಿದೆ. ಗರ್ಭಧಾರಣೆಯಿಂದ ತಾಯಿಯ ಮೆದುಳಿನ ರಚನೆಯೇ ಬದಲಾಗಿ, ಆ ಬದಲಾವಣೆ ಎರಡು ವರ್ಷವಾದರೂ ಉಳಿಯುವುದೆಂದು ಸ್ಪೇನಿನ ಸಂಶೋಧಕರು ೨೦೧೬ರಲ್ಲಿ ತೋರಿಸಿದ್ದಾರೆ. ಅದು ಕೊರತೆಯಲ್ಲ, ಮಗುವಿನ ಮೇಲಿನ ಮಮತೆಗೂ ಅದಕ್ಕೂ ಸಂಬಂಧ ಕಂಡುಬಂದಿದೆ.

ಹೀಗಿರುವಾಗ ನಮ್ಮ ಜಿಲ್ಲೆಯಲ್ಲಿ ನಡೆದದ್ದೇನು? ೨೦೨೩ರ ಜುಲೈಯಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಿನಲ್ಲಿ ಬಾಣಂತಿಯನ್ನೂ ಹಸುಳೆಯನ್ನೂ ಮಳೆಗಾಳಿಯಲ್ಲಿ ಊರ ಹೊರಗಿನ ಗುಡಿಸಲಿನಲ್ಲಿರಿಸಿದರು, ಶಿಶು ತೀರಿಕೊಂಡಿತು. ಸಿರಾ, ಮಧುಗಿರಿ, ಪಾವಗಡಗಳ ಹಟ್ಟಿಗಳಿಗೂ ಈ ಆಚಾರ ಹೊಸದಲ್ಲ. ಆ ಜನಾಂಗವನ್ನು ಹೀಯಾಳಿಸಲು ನಾವಿದನ್ನು ಹೇಳುತ್ತಿಲ್ಲ. ಮುಟ್ಟಿನ ಹೆಸರಿನಲ್ಲಿ ಹುಡುಗಿಯರ ಓದಿಗೆ ಅಡ್ಡಬಂದ ಕ್ಲಾರ್ಕ್ ವೈದ್ಯನೂ ಇನ್ನೊಂದು ಬಗೆಯ ಗುಡಿಸಲನ್ನೇ ಕಟ್ಟಿದ್ದನು. ಪೊಲೀಸರು ಗುಡಿಸಲನ್ನು ಕೀಳಬಹುದು. ಆಚಾರವನ್ನು ಕೀಳತಕ್ಕದ್ದು ಆ ಹಟ್ಟಿಯಿಂದಲೇ ಕಾಲೇಜಿಗೆ ಬಂದು, ದೇಹದ ಧರ್ಮವನ್ನೂ ಸಮಾಜದ ನಡೆಯನ್ನೂ ಒಟ್ಟಿಗೆ ತಿಳಿದು ಮನೆಗೆ ಹಿಂದಿರುಗುವ ಹುಡುಗಿಯೇ, ಹುಡುಗನೇ.

ಮುಪ್ಪಿನ ಮಾತೂ ಇಷ್ಟೇ. ಅರುವತ್ತು ದಾಟಿದ ಭಾರತೀಯರಲ್ಲಿ ನೂರಕ್ಕೆ ೭.೪ ಮಂದಿಗೆ ಮರೆವಿನ ರೋಗವಿದೆಯೆಂದು ೨೦೨೩ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯೊಂದು ಅಂದಾಜು ಮಾಡಿದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ, ಓದಿದವರಿಗಿಂತ ಓದದವರಲ್ಲಿ ಹೆಚ್ಚು. ಬಾಲ್ಯದಲ್ಲಿ ಶಾಲೆ ಬಿಡಿಸಿದ ಹುಡುಗಿಯ ಮೇಲಿನ ಸಾಲ ಅವಳ ಎಪ್ಪತ್ತನೆಯ ವಯಸ್ಸಿನಲ್ಲಿ ಬಡ್ಡಿಸಮೇತ ವಸೂಲಾಗುತ್ತದೆ. ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲಿ ೪೫ ವರ್ಷ ಮೀರಿದ ೧೦,೦೦೦ ಮಂದಿಯನ್ನು ಬಹುಕಾಲ ಅನುಸರಿಸಿ ಪರೀಕ್ಷಿಸುವ ಸಂಕಲ್ಪವನ್ನು ವಿಜ್ಞಾನ ಸಂಸ್ಥೆಯ ಆವರಣದ ಮೆದುಳು ಸಂಶೋಧನಾ ಕೇಂದ್ರವು ಕೈಗೊಂಡಿದೆ. ಅದೂ ನಮ್ಮ ಸೀಮೆಯಂತೆಯೇ ಆಂಧ್ರದ ಗಡಿಗೆ ಹೊಂದಿದ ನೆಲ. ಅಲ್ಲಿ ಸಾಧ್ಯವಾದ ಆಸಕ್ತಿ ಇಲ್ಲಿ ಏಕೆ ಸಾಧ್ಯವಿಲ್ಲ?

ಪಾಠಕ್ರಮದ ರೂಪ

ನಮ್ಮ ಸೂಚನೆ ದುಬಾರಿಯದಲ್ಲ. ವಾರಕ್ಕೆ ಮೂರು ಗಂಟೆ, ಒಂದು ಅರ್ಧವರ್ಷ. ಪ್ರಾಣಿಶಾಸ್ತ್ರದ ಅಧ್ಯಾಪಕರೊಬ್ಬರು, ಸಮಾಜಶಾಸ್ತ್ರದ ಅಥವಾ ಕನ್ನಡದ ಅಧ್ಯಾಪಕರೊಬ್ಬರು ಒಂದೇ ತರಗತಿಗೆ ಜೊತೆಯಾಗಿ ಬರಲಿ. ವಿದ್ಯಾರ್ಥಿಗಳ ಎದುರಿನಲ್ಲಿಯೇ ಒಬ್ಬರನ್ನೊಬ್ಬರು ಪ್ರಶ್ನಿಸಲಿ. ಮೊದಲು ಮೆದುಳಿನ ಅಂಗರಚನೆ. ಅನಂತರ ತಕ್ಕಡಿಯ ಇತಿಹಾಸ. ಆಮೇಲೆ ರಸದೂತಗಳ ಕಾರ್ಯ, ಅನುಭವದ ಗುರುತು, ರೋಗಗಳಲ್ಲಿ ಕಾಣುವ ಭೇದ. ತರಗತಿಯವರ ಎತ್ತರವನ್ನು ತಾವೇ ಅಳೆದು, ಸರಾಸರಿಯೆಂದರೇನು, ಒಂದರ ಮೇಲೊಂದು ಹಾಯುವ ಎರಡು ಗುಂಪುಗಳೆಂದರೇನು ಎಂಬುದನ್ನು ಕಾಗದದ ಮೇಲೆ ಬರೆಯಲಿ. ಕೊನೆಯಲ್ಲಿ ಪತ್ರಿಕೆಯ ಸುದ್ದಿಯೊಂದನ್ನು ಮೂಲ ಪ್ರಬಂಧದೊಡನೆ ಹೋಲಿಸಿ ತಪ್ಪು ಹುಡುಕಲಿ. ನಮ್ಮ ಪತ್ರಿಕೆಯನ್ನೇ ತೆಗೆದುಕೊಂಡರೂ ನಮಗೆ ಬೇಸರವಿಲ್ಲ.

ವರ್ಷಕ್ಕೊಮ್ಮೆ ನಿಮ್ಹಾನ್ಸಿನ ಮೆದುಳು ಸಂಗ್ರಹಾಲಯಕ್ಕೆ ವಿದ್ಯಾರ್ಥಿಗಳನ್ನು ಕರೆದೊಯ್ಯಬೇಕು. ಅಲ್ಲಿ ನಿಜವಾದ ಮಾನವ ಮೆದುಳನ್ನು ಕೈಯಲ್ಲಿ ಹಿಡಿಯುವ ಅವಕಾಶವನ್ನು ಸಾರ್ವಜನಿಕರಿಗೂ ಕೊಡುತ್ತಾರೆ. ಇದು ಹೆಣ್ಣಿನದೇ ಗಂಡಿನದೇ ಎಂದು ಅಲ್ಲಿ ಕೇಳಿ ನೋಡಲಿ. ಬರಿಗಣ್ಣಿಗೆ ಹೇಳಲಾಗದೆಂಬ ಉತ್ತರ ನೂರು ಉಪನ್ಯಾಸಕ್ಕೆ ಸಮ.

ಹೆಣ್ಣು ಗಂಡು ಎಂಬ ಎರಡೇ ಮನೆಯಲ್ಲಿ ಅಡಗದವರ ವಿಚಾರವೂ ಇದರಲ್ಲಿ ಬರಬೇಕು. ಜೋಗತಿ ಮಂಜಮ್ಮನವರು ೨೦೧೯ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿ, ೨೦೨೧ರಲ್ಲಿ ಪದ್ಮಶ್ರೀ ಪಡೆದ ನಾಡಿದು. ಆತ್ಮಕ್ಕೆ ಹೆಣ್ಣು ಗಂಡೆಂಬ ಭೇದವಿಲ್ಲವೆಂದು ವಚನಕಾರರು ಸಾರಿದ ನಾಡಿಗೆ ಈ ವಿಚಾರ ಪರಕೀಯವಾಗಲಾರದು.

ಆಕ್ಷೇಪಣೆಗಳಿಗೆ ಸಮಾಧಾನ

ಇದರಿಂದ ನೌಕರಿ ಸಿಕ್ಕುವುದೇ ಎಂದು ಕೆಲವರು ಕೇಳುವರು. ಈ ತಾಲ್ಲೂಕಿನಿಂದ ಹೊರಡುವ ಪದವೀಧರರು ಶಿಕ್ಷಕರಾಗುತ್ತಾರೆ, ಆರೋಗ್ಯ ಇಲಾಖೆಗೆ ಸೇರುತ್ತಾರೆ, ಪೊಲೀಸರಾಗುತ್ತಾರೆ, ತಾಯಿ ತಂದೆಯರಾಗುತ್ತಾರೆ. ಇವರಲ್ಲಿ ಈ ಅರಿವು ಬೇಡದವರು ಯಾರು? ವಿಜ್ಞಾನಕ್ಕೆ ರಾಜಕೀಯ ಬೆರೆಸುವಿರೆಂದು ಇನ್ನು ಕೆಲವರು ಹೇಳುವರು. ಬೆರೆಸಿದವನು ಬ್ರೋಕಾ, ಬೇರ್ಪಡಿಸುವುದನ್ನು ಕಲಿಸಿರೆಂದು ನಾವು ಕೇಳುತ್ತಿದ್ದೇವೆ. ಹುಡುಗ ಹುಡುಗಿಯರ ಎದುರಿನಲ್ಲಿ ಇಂಥ ಮಾತು ಸಲ್ಲದೆಂಬ ಹಿರಿಯರಿಗೆ, ಕೈಯಲ್ಲಿರುವ ದೂರವಾಣಿಯಲ್ಲಿ ಅವರು ದಿನವೂ ಏನನ್ನು ಓದುತ್ತಿದ್ದಾರೆಂಬುದನ್ನು ವಿಚಾರಿಸಿರೆಂದು ವಿನಯದಿಂದ ಹೇಳುತ್ತೇವೆ.

ಕನ್ನಡದಲ್ಲಿ ಇದನ್ನು ಬೋಧಿಸಲಾಗದೆಂಬ ಮಾತಂತೂ ಸಲ್ಲದು. ನಮ್ಮ ಜಿಲ್ಲೆಯ ಬೆಳ್ಳಾವೆಯ ಹೆಸರನ್ನು ಹೊತ್ತ ವೆಂಕಟನಾರಣಪ್ಪನವರು ನಂಗಪುರಂ ವೆಂಕಟೇಶಯ್ಯಂಗಾರ್ಯರೊಡನೆ ೧೯೧೮ರಲ್ಲಿಯೇ 'ವಿಜ್ಞಾನ' ಮಾಸಪತ್ರಿಕೆಯನ್ನು ಕನ್ನಡದಲ್ಲಿ ಹೊರಡಿಸಿದರು. ಶತಮಾನದ ಹಿಂದೆ ಸಾಧ್ಯವಾದದ್ದು ಇಂದು ಅಸಾಧ್ಯವೆಂದರೆ ಅದು ಭಾಷೆಯ ದೋಷವಲ್ಲ, ನಮ್ಮ ಆಲಸ್ಯದ ದೋಷ.

ಅಧಿಕಾರಿಗಳ ಗಮನಕ್ಕೆ ಒಂದು ಮಾತು. ೨೦೨೧-೨೨ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ಅನ್ಯವಿಭಾಗದ ವಿಷಯವೊಂದನ್ನು ಆಯ್ದು ಓದುವ ಅವಕಾಶ ನಮ್ಮ ಕಾಲೇಜುಗಳಿಗೆ ಬಂದಿತು. ೨೦೨೪-೨೫ರಿಂದ ಮತ್ತೆ ಮೂರು ವರ್ಷದ ಪದವಿ. ಪ್ರಾಧ್ಯಾಪಕ ಸುಖದೇವ ಥೋರಾಟರ ಆಯೋಗವು ೨೦೨೫ರ ಆಗಸ್ಟಿನಲ್ಲಿ ರಾಜ್ಯದ ಶಿಕ್ಷಣ ನೀತಿಯ ಬಗೆಗೆ ವರದಿಯೊಪ್ಪಿಸಿದೆ. ನೀತಿಗಳು ಬರಲಿ ಹೋಗಲಿ. ವಿಜ್ಞಾನದ ವಿದ್ಯಾರ್ಥಿ ಸಮಾಜವನ್ನೂ ಕಲಾವಿಭಾಗದ ವಿದ್ಯಾರ್ಥಿನಿ ಮೆದುಳನ್ನೂ ಓದುವ ಕಿಂಡಿಯೊಂದು ಮುಚ್ಚದಿರಲಿ. ೨೦೦೪ರಲ್ಲಿ ಸ್ಥಾಪಿತವಾದ ತುಮಕೂರು ವಿಶ್ವವಿದ್ಯಾನಿಲಯವು ಮನಸ್ಸು ಮಾಡಿದರೆ ಇದಕ್ಕೆ ಬೇಕಾದದ್ದು ಇಬ್ಬರು ಅಧ್ಯಾಪಕರೂ ಒಂದು ಬಸ್ಸಿನ ಬಾಡಿಗೆಯೂ ಮಾತ್ರ.

ತಿರುಮಣಿಯ ಸುತ್ತಲಿನ ಹದಿಮೂರು ಸಾವಿರ ಎಕರೆ ಬೆಂಗಾಡಿನಲ್ಲಿ ಇಂದು ೨,೦೫೦ ಮೆಗಾವಾಟ್ ಸೌರವಿದ್ಯುತ್ತು ಹುಟ್ಟಿ ದೂರದ ಊರುಗಳ ದೀಪ ಬೆಳಗುತ್ತಿದೆ. ಬಂಜರೆಂದು ಎಣಿಸಿದ್ದ ನೆಲದ ಬೆಲೆ ತಿಳಿಯಲು ಅದರ ಮೇಲೆ ಬೀಳುತ್ತಿದ್ದ ಬಿಸಿಲನ್ನು ಸರಿಯಾಗಿ ಅಳೆಯಬೇಕಾಯಿತು, ಅಷ್ಟೆ. ನಮ್ಮ ಹೆಣ್ಣುಮಕ್ಕಳ ಬುದ್ಧಿಯ ವಿಷಯದಲ್ಲಿಯೂ ತಪ್ಪು ಅಳತೆಯೇ ಇಷ್ಟು ಕಾಲ ನಡೆದಿದೆ.

ಗಣಿತದಲ್ಲಿ ಮೊದಲಿಗಳಾಗಿದ್ದ ಆ ಹುಡುಗಿ ಈಗ ಗೃಹಿಣಿ. ಗಂಡನ ಅಂಗಡಿಯ ಲೆಕ್ಕವನ್ನೆಲ್ಲ ಅವಳೇ ನೋಡಿಕೊಳ್ಳುತ್ತಾಳೆ. ಯಂತ್ರದ ಸಹಾಯ ಬೇಡದೆ ಬಾಯಿಲೆಕ್ಕದಲ್ಲಿ ಜಮಾಖರ್ಚು ಮುಗಿಸುತ್ತಾಳೆಂದು ಅವಳ ತಂದೆಯೇ ಈಚೆಗೆ ನಮ್ಮೊಡನೆ ಹೆಮ್ಮೆಯಿಂದ ಹೇಳಿದರು. ಅವಳಿಗೆ ಒಬ್ಬ ಮಗಳಿದ್ದಾಳೆ, ಶಾಲೆಗೆ ಹೋಗುತ್ತಿದ್ದಾಳೆ. ದಪ್ಪಕ್ಷರದಲ್ಲಿ ಮಾಡಿದ ತಪ್ಪಿಗೆ ಸಣ್ಣಕ್ಷರದ ತಿದ್ದುಪಡಿ ಸಾಲದೆಂದೇ ಈ ಪುಟದಲ್ಲಿ ಇಷ್ಟು ಸ್ಥಳ ತೆಗೆದುಕೊಂಡಿದ್ದೇವೆ. ಆ ಮಗು ಕಾಲೇಜಿಗೆ ಬರುವ ವೇಳೆಗೆ ಈ ಪಾಠಕ್ರಮ ಅಲ್ಲಿ ಸಿದ್ಧವಾಗಿರಲಿ.